ಫೋಲ್ಡನ್ ಚರ್ಚಿನ ಬೀಗದ ಕೈ

ನೆದರ್ ಫೋಲ್ಡನ್ ಊರನ್ನು ಹನ್ನೊಂದಕ್ಕೆ ಐದು ನಿಮಿಷ ಇರುವಾಗ ತಲುಪಬೇಕಿತ್ತು. ತಲುಪಿದಾಗ ಹನ್ನೊಂದು ಗಂಟೆ ನಾಲ್ಕು ನಿಮಿಷ. ಈ ಒಂಬತ್ತು ನಿಮಿಷಕ್ಕೆ ಲಯನೆಲ್ ಕಾಬ್‌ಡೆನ್‌ನ ಮುಖ ಗಂಟಾಗಿತ್ತು. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ವೇಳಾಪಟ್ಟಿ ತಯಾರಿಸಿದವನು ಅವನು. ರೈಲುಗಳು ಅವನ ಪಟ್ಟಿಗೆ ಸೊಪ್ಪು ಹಾಕಿದ್ದು ಅಷ್ಟಕ್ಕಷ್ಟೆ. ನಿವೃತ್ತಿಯಾದ ಮೇಲೆ ಆ ಪಟ್ಟಿಯೆಲ್ಲ ಹೆಂಡತಿ ಮ್ಯೂರಿಯಲ್‌ಳ ಪಾಲಿಗೆ ಬಂದಿತ್ತು.

ಪ್ರತಿ ಸೆಪ್ಟೆಂಬರಿನಲ್ಲಿ ಒಂದು ಶುಕ್ರವಾರ ಇಬ್ಬರೂ ಕಾಟ್ಸ್‌ವೋಲ್ಡ್ ಗುಡ್ಡಗಳ ಹಳೆಯ ಊರುಗಳನ್ನು ನೋಡಲು ಹೊರಡುತ್ತಿದ್ದರು. ಈ ಸಲದ ಪಟ್ಟಿಯಲ್ಲಿ ನಾಲ್ಕು ಚರ್ಚು, ಏಳುನೂರು ವರ್ಷದ ಒಂದು ಕಣಜ, ಒಂದು ಜಮೀನ್ದಾರರ ಮನೆ ಇದ್ದವು. ಕಾರು ಓಡಿಸುವುದು, ಇತಿಹಾಸ ಹೇಳುವುದು, ತಡವಾಯಿತೆಂದು ಗೊಣಗುವುದು ಲಯನೆಲ್‌ನ ಕೆಲಸ. ತೊಡೆಯ ಮೇಲೆ ನಕ್ಷೆ ಹರಡಿಕೊಳ್ಳುವುದು, ಚರ್ಚಿನ ಸಂದರ್ಶಕರ ಪುಸ್ತಕದಲ್ಲಿ ಅವನು ಹೇಳಿದ್ದನ್ನು ಬರೆಯುವುದು ಮ್ಯೂರಿಯಲ್‌ಳ ಕೆಲಸ. ಅವಳ ಅಕ್ಷರ ಮುತ್ತಿನಂತಿತ್ತು. ಅಕ್ಷರ ಮಾತ್ರ ಅವಳದು, ಮಾತು ಅವನದು.

"ಒಂಬತ್ತು ನಿಮಿಷ," ಎಂದ ಲಯನೆಲ್ ಕಾರು ನಿಲ್ಲಿಸುತ್ತ. "ಆ ಟೀ ಅಂಗಡೀಲಿ ಸಕ್ಕರೆ ಪೊಟ್ಟಣ ಕದಿಯೋಕೆ ನಿಂತ್ಕೊಂಡೆಯಲ್ಲ, ಅದರ ಫಲ ಇದು."

"ಕದಿಯೋದೇನು ಬಂತು? ಮೇಜಿನ ಮೇಲೆ ಇಟ್ಟಿದ್ರು, ತಗೊಂಡೆ."

"ಟೀಗೆ ಹಾಕ್ಕೊಳ್ಳೋರಿಗೆ ಇಟ್ಟಿರ್ತಾರೆ. ನೀನು ಸಕ್ಕರೇನೇ ಹಾಕ್ಕೊಳ್ಳಲ್ಲ. ಆ ಹುಡುಗಿ ನೋಡ್ತಾ ಇದ್ಲು, ನನಗೆ ಮಾನ ಹೋಯ್ತು."

ಮ್ಯೂರಿಯಲ್ ಕೈಚೀಲ ಎತ್ತಿಕೊಂಡು ಇಳಿದಳು. ಅವಳ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡವರು ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ನಿಂತಲ್ಲೇ ಕುಸಿಯುತ್ತಾರೆ ಎಂಬುದನ್ನು ಅವಳು ಹದಿನಾರನೇ ವಯಸ್ಸಿಗೇ ಅಡುಗೆಮನೆಯ ನೆಲದ ಮೇಲೆ ಕಂಡಿದ್ದಳು. ಆಗಿನಿಂದ ಕೈಚೀಲದಲ್ಲಿ ಸಕ್ಕರೆ ಇಲ್ಲದೆ ಹೊರಟವಳಲ್ಲ. ತಾಯಿ ಸತ್ತು ಇಪ್ಪತ್ತು ವರ್ಷವಾಗಿದ್ದರೂ ಕೈ ತನ್ನಷ್ಟಕ್ಕೆ ಪೊಟ್ಟಣಗಳತ್ತ ಹೋಗುತ್ತಿತ್ತು.

ಚರ್ಚಿನ ಬೀಗದ ಕೈ ಊರಿನ ಆ ತುದಿಯಲ್ಲಿ, ಹಳೆಯ ಕುಲುಮೆಯ ಮನೆಯಲ್ಲಿರುವ ಟುಲಿ ಎಂಬ ಮುದುಕನ ಬಳಿ ಇರುತ್ತಿತ್ತು. ಗೇಣುದ್ದದ ಕಬ್ಬಿಣದ ಕೈ. ಟುಲಿ ಅದನ್ನು ಎರಡೂ ಅಂಗೈ ಚಾಚಿ ಮ್ಯೂರಿಯಲ್‌ಳಿಗೆ ಕೊಟ್ಟ.

"ಇದೊಂದೇ ಇರೋದು ತಾಯಿ, ಜೋಪಾನ. ಇನ್ನೊಂದು ಮಾಡಿಸೋ ವಿಷಯ ಹತ್ತೊಂಬತ್ತು ವರ್ಷದಿಂದ ಸಮಿತೀಲಿ ನಡೀತಾ ಇದೆ, ಮುಂದಿನ ಸಭೇಲಿ ತೀರ್ಮಾನ ಮಾಡ್ತಾರಂತೆ. ತೆಗೆಯೋವಾಗ ಬಾಗಿಲನ್ನ ಒಂಚೂರು ಮೇಲಕ್ಕೆತ್ತಿ ಎಡಕ್ಕೆ ತಿರುಗಿಸಿ. ಬಲವಂತ ಮಾಡಿದ್ರೆ ಅದು ಕೇಳಲ್ಲ. ನಾನು ಕಣ್ಣು ತೋರಿಸೋಕೆ ಪೇಟೆಗೆ ಹೊರಟಿದೀನಿ, ಬರೋದು ಸಂಜೆ. ನೋಡಿದ ಮೇಲೆ ಬೀಗ ಹಾಕಿ ಕೈಯನ್ನ ಇಲ್ಲೇ ಬಾಗಿಲ ಪಕ್ಕದ ಮೊಳೆಗೆ ತಗುಲಿಸಿ ಹೋಗಿ."

ಚರ್ಚು ತಣ್ಣಗಿತ್ತು, ಸುಣ್ಣದ ವಾಸನೆ ಬರುತ್ತಿತ್ತು. ಗೋಡೆಯ ಮೇಲೆ ಮಾಸಿದ ದೇವದೂತನೊಬ್ಬ ಸತ್ತವರ ಆತ್ಮಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿದ್ದ. ಲಯನೆಲ್ ಅವನನ್ನು ಎರಡು ನಿಮಿಷ ನೋಡಿ, ಹಿಂಬದಿಯ ಸ್ಮಶಾನದಲ್ಲಿರುವ ಯೂ ಎಂಬ ಪುರಾತನ ಮರದ ಸುತ್ತಳತೆ ತೆಗೆಯಲು ಟೇಪು ಹಿಡಿದು ಹೊರಟ. ಟೇಪಿನ ಇನ್ನೊಂದು ತುದಿ ಹಿಡಿಯಲು ಮ್ಯೂರಿಯಲ್ ಬೇಕಿತ್ತು. ಅವನ ಪ್ರವಾಸಿ ಮಾರ್ಗದರ್ಶಿ ಪುಸ್ತಕದಲ್ಲಿ ಇಪ್ಪತ್ತೆರಡು ಅಡಿ ಎಂದಿದ್ದದ್ದು ಇಪ್ಪತ್ತೊಂದೂವರೆ ಬಂತು. ಮತ್ತೆ ಅಳೆದರು. ಮತ್ತೂ ಅಷ್ಟೇ ಬಂತು.

"ಪುಸ್ತಕದವರಿಗೆ ಪತ್ರ ಬರೀತೀನಿ," ಎಂದು ಲಯನೆಲ್ ಗಡಿಯಾರ ನೋಡಿದ. "ಹನ್ನೊಂದೂವರೆ ಆಯ್ತು! ನಾನು ಕಾರು ತಿರುಗಿಸ್ತೀನಿ. ನೀನು ಸಂದರ್ಶಕರ ಪುಸ್ತಕದಲ್ಲಿ ಬರೆದು ಬೀಗ ಹಾಕ್ಕೊಂಡು ಬಾ. 'ಅತಿ ಪ್ರಶಾಂತ ಸ್ಥಳ, ಒಂದು ನರಪಿಳ್ಳೆಯೂ ಕಾಣಲಿಲ್ಲ' ಅಂತ ಬರಿ."

ಮ್ಯೂರಿಯಲ್ ಒಳಗೆ ಹೋಗಿ ಅದನ್ನೇ ಬರೆದಳು. ಬರೆದು ತಲೆಯೆತ್ತಿದಾಗ ಮುಂದಿನ ಸಾಲಿನ ಬೆಂಚಿನ ಅಂಚಿಗೆ ಒಂದು ಊರುಗೋಲು ತಗುಲಿಸಿರುವುದು ಕಂಡಿತು. ಬೆಂಚಿನ ಮೇಲೆ ಸಣ್ಣದೊಂದು ನೀಲಿ ಜಿಪ್ಪಿನ ಚೀಲ. ಕೆಳಗೆ ಬಕೆಟ್ಟಿನಲ್ಲಿ ಡೇಲಿಯಾ ಹೂಗಳು. ಮೊದಲು ಬಂದಾಗಲೂ ಇದ್ದವೇ? ಇರಲಿಲ್ಲ ಅನ್ನಿಸಿತು. ಇದ್ದಿರಬಹುದು ಎಂದೂ ಅನ್ನಿಸಿತು. ಪೂಜಾ ಸಾಮಾನಿಡುವ ಕೋಣೆಯ ಪರದೆಯ ಹಿಂದೆ ನೀರು ಬಿಟ್ಟ ಸದ್ದಾಯಿತೋ, ಗಾಳಿಯೋ.

ಯಾರಾದರೂ ಇದ್ದೀರಾ ಎಂದು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಹಾರ್ನು ಕೇಳಿಸಿತು. ಒಂದು ಸಲ, ಮತ್ತೊಂದು ಸಲ. ಚರ್ಚಿನಲ್ಲಿ ಕೂಗುವುದು ಚೆನ್ನಾಗಿರುವುದಿಲ್ಲ, ಒಳಗೆ ಯಾರೂ ಇಲ್ಲದಿದ್ದರೆ ಪೆಚ್ಚಾಗಬೇಕು, ಇದ್ದರೆ ಅವರಿಗೆ ಕಿರಿಕಿರಿ. ಮ್ಯೂರಿಯಲ್ ತೆರೆದ ಬಾಯಿ ಮುಚ್ಚಿ ಹೊರಗೆ ಬಂದು, ಬಾಗಿಲೆಳೆದು, ಬೀಗ ಹಾಕಿ ಓಡಿದಳು. ಕಾರಿನ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದರೊಳಗೆ ಲಯನೆಲ್ ಹೊರಟಿದ್ದ. "ನಕ್ಷೆ! ಎಡಕ್ಕೋ ಬಲಕ್ಕೋ ಹೇಳು!" ಎನ್ನುತ್ತಿದ್ದ.

ಆಮೇಲೆ ಕಣಜ ನೋಡಿದರು, ಇನ್ನೊಂದು ಚರ್ಚು ನೋಡಿದರು. ಒಂದೂಕಾಲಿಗೆ ಬಾರ್ಲೋ ಕ್ರಾಸ್ ಊರಿನ ಪಬ್ಬಿನಲ್ಲಿ ಊಟಕ್ಕೆ ಕೂತರು. ಎರಡು ಗಂಟೆಗೆ ಪಕ್ಕದಲ್ಲೇ ಜಮೀನ್ದಾರರ ಮನೆಯೊಳಗೆ ಎರಡು ತಾಸಿನ ಸುತ್ತಾಟ ನಿಗದಿಯಾಗಿತ್ತು. ಅಷ್ಟು ಹೊತ್ತು ಕಾರು ಮುಟ್ಟಬೇಕಿಲ್ಲವೆಂದು ಲಯನೆಲ್ ವರ್ಷಕ್ಕೊಮ್ಮೆ ಮಾಡುವಂತೆ ಎರಡನೇ ಗ್ಲಾಸು ಬಿಯರು ತರಿಸಿಕೊಂಡು ಪ್ರಸನ್ನನಾಗಿದ್ದ. ಅವರ ಮಾಂಸದ ಪೈ ಮತ್ತು ಬಟಾಣಿ ಬಂತು. ಮ್ಯೂರಿಯಲ್ ಕನ್ನಡಕಕ್ಕೆಂದು ಕೈಚೀಲಕ್ಕೆ ಕೈ ಹಾಕಿದಳು. ತಣ್ಣಗಿನ ಕಬ್ಬಿಣ ಬೆರಳಿಗೆ ತಗುಲಿತು.

ಬೀಗದ ಕೈಯನ್ನು ತೆಗೆದು ಬಟಾಣಿಯ ತಟ್ಟೆಯ ಪಕ್ಕದಲ್ಲಿಟ್ಟಳು.

ಲಯನೆಲ್ ಅದನ್ನು ನೋಡಿದ. "ಅಯ್ಯೋ, ಮೊಳೆಗೆ ತಗುಲಿಸಲಿಲ್ವೇನೇ?"

"ನೀನು ನಿಲ್ಲಿಸಲಿಲ್ಲ."

"ನೀನು ಹೇಳಲಿಲ್ಲ." ಅವನು ಒಂದು ಗುಟುಕು ಕುಡಿದ. "ಇರಲಿ ಬಿಡು. ನಾಳೆ ಟಪಾಲಿನಲ್ಲಿ ಕಳಿಸೋಣ. ಜೊತೆಗೆ ಒಂದು ಧನ್ಯವಾದದ ಕಾರ್ಡು ಹಾಕು, ಚೆನ್ನಾಗಿ ಬರಿ."

"ಲಯನೆಲ್, ಒಳಗೆ ಯಾರೋ ಇದ್ರು ಅನ್ಸುತ್ತೆ."

"ಎಲ್ಲಿ ಒಳಗೆ?"

"ಚರ್ಚೊಳಗೆ. ನಾವು ಮರ ಅಳೀತಾ ಇದ್ದಾಗ ಯಾರೋ ಬಂದಿದಾರೆ. ಬೆಂಚಿಗೆ ಊರುಗೋಲು ತಗುಲಿಸಿತ್ತು, ಹೂವಿನ ಬಕೆಟ್ ಇತ್ತು. ನಾನು..." ಅಂಗೈಯಗಲ ಅಳತೆ ತೋರಿಸಿದಳು. "ಒಂದು ನೀಲಿ ಚೀಲ ಇತ್ತು. ಇಷ್ಟೇ ಇಷ್ಟು, ಜಿಪ್ಪಿನದು. ನಮ್ಮಮ್ಮನ ಹತ್ರ ಅಂಥದ್ದೇ ಇತ್ತು, ಸೂಜಿ, ರಕ್ತ ನೋಡೋ ಯಂತ್ರ ಇಡೋಕೆ. ಆಗ ಹೊಳೀಲಿಲ್ಲ. ಈಗ ಹೊಳೀತಿದೆ."

ಲಯನೆಲ್ ಪೈ ಕತ್ತರಿಸುವುದನ್ನು ನಿಲ್ಲಿಸಿದ. "ನೋಡಿದ್ಯಾ? ಮನುಷ್ಯರನ್ನ ಕಣ್ಣಾರೆ ನೋಡಿದ್ಯಾ?"

"ಇಲ್ಲ."

"ಮತ್ತೆ? ಊರುಗೋಲು ಮರೆತು ಹೋಗೋರು ಬೇಕಾದಷ್ಟು ಜನ ಇರ್ತಾರೆ ಕಣೇ. ಸುಮ್ಮನೆ ಇಲ್ಲದ್ದು ಕಲ್ಪಿಸ್ಕೊಬೇಡ. ಪೊಲೀಸರಿಗೊಂದು ಫೋನ್ ಮಾಡಿ ಹೇಳು, ಅವರು ನೋಡ್ಕೋತಾರೆ. ಆ ಮನೆಯೊಳಗೆ ಬಿಡೋದು ಸರಿಯಾಗಿ ಎರಡು ಗಂಟೆಗೆ."

ಆ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಪಬ್ಬಿನ ಒಡತಿ ಗ್ವೆಂಡಾ ಕೌಂಟರಿನ ಹಿಂದಿನ ಫೋನನ್ನು ಮುಂದಕ್ಕೆ ತಳ್ಳಿದಳು. ಆ ಕಡೆ ಒಬ್ಬ ಹೆಂಗಸು ಎತ್ತಿಕೊಂಡಳು. ಮ್ಯೂರಿಯಲ್ ಮಾತಾಡತೊಡಗಿದಳು, ಬದುಕಿನುದ್ದಕ್ಕೂ ಮಾತಾಡಿದಂತೆಯೇ.

"ತೊಂದರೆ ಕೊಡ್ತಿದೀನಿ, ಕ್ಷಮಿಸಿ. ಅಂಥ ದೊಡ್ಡ ವಿಷಯ ಏನಲ್ಲ. ನೆದರ್ ಫೋಲ್ಡನ್ ಚರ್ಚಿಗೆ ಬೀಗ ಹಾಕ್ಕೊಂಡು ಬಂದ್ಬಿಟ್ಟಿದೀನಿ, ಒಳಗೆ ಯಾರಾದ್ರೂ ಇರಬಹುದೇನೋ ಅಂತ ಒಂದು ಅನುಮಾನ."

"ಒಳಗೆ ಯಾರನ್ನಾದ್ರೂ ನೋಡಿದ್ರಾ ಮೇಡಂ?"

"ನೋಡಿದೆ ಅಂತ ಹೇಳೋಕಾಗಲ್ಲ. ಬಹುಶಃ ಯಾರೂ ಇರಲಿಕ್ಕಿಲ್ಲ."

"ಯಾರಿಗಾದ್ರೂ ಮೈ ಹುಷಾರಿಲ್ಲ, ಪೆಟ್ಟಾಗಿದೆ, ಆ ಥರ ಏನಾದ್ರೂ?"

"ಹಾಗೇನಿಲ್ಲ, ಅಂದ್ರೆ ಗೊತ್ತಿಲ್ಲ. ಒಂದು ಚೀಲ ಕಂಡ ಹಾಗಿತ್ತು. ನನ್ನ ಭ್ರಮೆ ಇದ್ರೂ ಇರಬಹುದು."

"ಆಯ್ತು, ಬರ್ಕೊಂಡಿದೀನಿ. ಗಾಡಿ ಆ ಕಡೆ ಹೋದಾಗ ನೋಡ್ಕೊಂಡು ಬರೋಕೆ ಹೇಳ್ತೀವಿ."

"ನಿಧಾನಕ್ಕಾಗಲಿ, ಅವಸರ ಇಲ್ಲ. ತುಂಬಾ ಉಪಕಾರ ಆಯ್ತು."

ಫೋನು ಇಟ್ಟಳು. ಇಟ್ಟ ಕೈ ಫೋನಿನ ಮೇಲೇ ಉಳಿಯಿತು. ಅವಸರ ಇಲ್ಲ ಎಂದೆನೇ? ಹೌದು, ಎಂದಿದ್ದಳು. ಯಾರೂ ಕೇಳದೆಯೇ ಎಂದಿದ್ದಳು. ತನ್ನ ಮೇಲೆ ಅವಳಿಗೆ ಬಂದ ಸಿಟ್ಟು ಎಷ್ಟಿತ್ತೆಂದರೆ ಕಿವಿಯವರೆಗೂ ಬಿಸಿಯೇರಿತು.

"ಯಾಕಮ್ಮ, ಮುಖ ಕೆಂಪಗಾಗಿದೆ?" ಎಂದಳು ಗ್ವೆಂಡಾ. "ಇನ್ನೊಂದ್ಸಲ ಮಾಡಿ. ಜೋರಾಗಿ ಹೇಳಿ. ಮೆತ್ತಗೆ ಹೇಳಿದ್ರೆ ನಮ್ಮ ಮನೆಗೆ ನಲ್ಲಿ ರಿಪೇರಿಯೋನೂ ಬರಲ್ಲ."

ಮತ್ತೆ ಮಾಡಿದಾಗ ಸಾಲಿನಲ್ಲಿ ಕಾಯಬೇಕೆಂದು ಸಂಗೀತ ಕೇಳಿಸಿತು. ಗೋಡೆ ಗಡಿಯಾರ ಒಂದು ಐವತ್ತು ತೋರಿಸುತ್ತಿತ್ತು. ಹೂವಿಟ್ಟು ಮನೆಗೆ ಹೋಗಿ ಉಣ್ಣಬೇಕೆಂದಿದ್ದವರು ಯಾರೋ, ಅವರ ಊಟದ ಹೊತ್ತು ಮೀರಿ ಆಗಲೇ ಒಂದು ಗಂಟೆಯಾಗಿದೆ. ತಾಯಿ ಬಿದ್ದದ್ದೂ ಎರಡು ಗಂಟೆಯ ಸುಮಾರಿಗೇ. ಮ್ಯೂರಿಯಲ್ ರಿಸೀವರನ್ನು ಗ್ವೆಂಡಾಳ ಕೈಗಿತ್ತಳು.

"ನೀವು ಹೇಳಿ. ಸಕ್ಕರೆ ಕಾಯಿಲೆಯೋರು ಒಳಗೆ ಸಿಕ್ಕಿಹಾಕ್ಕೊಂಡಿದಾರೆ ಅಂತ ಹೇಳಿ."

ಆಮೇಲೆ ಮೇಜಿಗೆ ಬಂದು ಲಯನೆಲ್‌ನ ಕೋಟಿನ ಜೇಬಿಗೇ ಕೈ ಹಾಕಿ ಕಾರಿನ ಕೀ ತೆಗೆದಳು.

"ಏಯ್, ಏನ್ಮಾಡ್ತಿದೀಯ?"

"ಫೋಲ್ಡನ್‌ಗೆ ಹೋಗ್ತಿದೀನಿ."

"ಮಾರಾಯ್ತಿ, ನಾನು ಎರಡು ಗ್ಲಾಸು ಕುಡಿದಿದೀನಿ. ಓಡಿಸೋ ಹಾಗಿಲ್ಲ."

"ನಿನ್ನನ್ನ ಓಡಿಸು ಅಂದೋರು ಯಾರು? ಬರೋದಾದ್ರೆ ಬಾ, ಇಲ್ಲಾಂದ್ರೆ ಕೂತು ಪೈ ತಿನ್ನು."

ಮ್ಯೂರಿಯಲ್ ಸ್ಟಿಯರಿಂಗ್ ಹಿಡಿದು ಹನ್ನೊಂದು ವರ್ಷವಾಗಿತ್ತು. ಅವನ ಪಕ್ಕದಲ್ಲಿ ಕೂತು ಬೈಸಿಕೊಳ್ಳುವುದಕ್ಕಿಂತ ಓಡಿಸದಿರುವುದೇ ಮೇಲೆಂದು ಬಿಟ್ಟಿದ್ದಳು. ಕಾರು ಎರಡು ಸಲ ಜಗ್ಗಿ ನಿಂತು, ಮೂರನೇ ಸಲಕ್ಕೆ ಹೊರಟಿತು. ಲಯನೆಲ್ ಬಾಗಿಲು ತೆರೆದುಕೊಂಡೇ ಓಡಿ ಬಂದು ಕೂತ.

"ಗೇರು! ಗೇರು ಹಾಕು!"

"ಬಾಯಿ ಮುಚ್ಚು ಲಯನೆಲ್. ನಕ್ಷೆ ಹಿಡ್ಕೋ."

ಇಂಥ ಮಾತು ಆ ಕಾರಿನಲ್ಲಿ ಈ ಮೊದಲು ಕೇಳಿಬಂದಿರಲಿಲ್ಲ. ಲಯನೆಲ್ ನಕ್ಷೆ ಹಿಡಿದುಕೊಂಡ.

ಬೆಳಿಗ್ಗೆ ಸೊಗಸಾಗಿ ಕಂಡ ದಾರಿ ಈಗ ಜೀವ ಹಿಂಡಿತು. ಎರಡು ಕಡೆಯೂ ಆಳೆತ್ತರದ ಬೇಲಿ, ನಡುವೆ ಒಂದೇ ಕಾರು ಹಿಡಿಸುವಷ್ಟು ಜಾಗ, ತಿರುವಿನಾಚೆ ಏನಿದೆಯೋ ಕಾಣದು. ಮೊದಲು ಒಬ್ಬ ಕುದುರೆ ಸವಾರಳ ಹಿಂದೆ ಅರ್ಧ ಮೈಲಿ ನಡಿಗೆಯ ವೇಗದಲ್ಲಿ ಹೋಗಬೇಕಾಯಿತು. ಆಮೇಲೆ ಎದುರಿನಿಂದ ಕುದುರೆ ಸಾಗಿಸುವ ದೊಡ್ಡ ಗಾಡಿಯೊಂದು ಬಂದು ಮೂತಿಗೆ ಮೂತಿ ನಿಂತಿತು. ಮ್ಯೂರಿಯಲ್ ಹಿಂದಕ್ಕೆ ಸರಿದಳು. ಆ ಗಾಡಿಯವನೂ ಮರ್ಯಾದಸ್ಥ, ಅವನೂ ಹಿಂದಕ್ಕೆ, ದಾರಿ ತುಸು ಅಗಲವಿದ್ದಲ್ಲಿಗೆ ಸರಿದ. ನೀವು ಬನ್ನಿ ಎಂದು ಅವನು ದೀಪ ಮಿಣುಕಿಸಿದ. ಅವಳು ಅಭ್ಯಾಸಬಲದಿಂದ ಕೈಯೆತ್ತಿ, ಇಲ್ಲ ನೀವೇ ಬನ್ನಿ ಎಂದಳು. ಅವನು ಮುಂದೆ ಬಂದ, ಇವಳೂ ಬಂದಳು, ಇಬ್ಬರೂ ನಿಂತು ನಕ್ಕು ಮತ್ತೆ ಹಿಂದೆ ಸರಿದರು. ಇಡೀ ದೇಶ ಹೀಗೇ ನಡೆಯುತ್ತದೆ. ಬೇರೆ ದಿನವಾಗಿದ್ದರೆ ಇದನ್ನೇ ರಾತ್ರಿ ಊಟಕ್ಕೆ ಕೂತಾಗ ಕತೆಯಾಗಿ ಹೇಳುತ್ತಿದ್ದರು.

"ಎರಡು ಗಂಟೆ ಹದಿನೆಂಟು ನಿಮಿಷ," ಎಂದ ಲಯನೆಲ್. ಅವನ ದನಿಯಲ್ಲಿ ಗೊಣಗಾಟ ಇರಲಿಲ್ಲ, ಭಯವಿತ್ತು.

ಮ್ಯೂರಿಯಲ್ ಮೂರನೇ ಸಲ ಕೈಯೆತ್ತಲಿಲ್ಲ. ನುಗ್ಗಿದಳು. ಎಡಗಡೆಯ ಕನ್ನಡಿ ಬೇಲಿಗೆ ಸಿಕ್ಕಿ ಮಡಚಿಕೊಂಡಿತು, ಬಾಗಿಲಿಗೆ ಮುಳ್ಳು ಗೀರಿದ ಸದ್ದು ಬಂತು, ಗಾಡಿ ದಾಟಿತು. ದಾರಿ ಬಿಟ್ಟವನಿಗೆ ಧನ್ಯವಾದ ಹೇಳದೆ ಹೋದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಲಯನೆಲ್ ಮಾತ್ರ ಸಂಕಟದಿಂದ ಹಿಂದಕ್ಕೆ ತಿರುಗಿ ಕೈ ಬೀಸುತ್ತಲೇ ಇದ್ದ.

ಫೋಲ್ಡನ್‌ಗೆ ಎರಡು ಮೈಲಿ ಇರುವಾಗ ದಾರಿಗೆ ಅಡ್ಡಲಾಗಿ ಹಳ್ಳ ಹರಿಯುತ್ತಿತ್ತು. ನೀರಿನಾಳ ತೋರಿಸುವ ಹಲಗೆಯಲ್ಲಿ ಒಂದು ಅಡಿಯ ಗೆರೆ ಮುಳುಗಿತ್ತು. ಬೆಳಿಗ್ಗೆ ಲಯನೆಲ್ ಇದನ್ನು ತಪ್ಪಿಸಿ ಸೇತುವೆಯ ಮೇಲೆ ಬಂದಿದ್ದ.

"ಸೇತುವೆ ಕಡೆಯಿಂದ ಹೋದ್ರೆ ಹನ್ನೆರಡು ನಿಮಿಷ ಜಾಸ್ತಿ," ಎಂದ ಲಯನೆಲ್. ಅವಳತ್ತ ನೋಡಿದ. "ಇಂಜಿನ್‌ಗೆ ನೀರು ಹೋದ್ರೆ ಇಲ್ಲೇ ನಿಲ್ತೀವಿ. ನಿಧಾನಕ್ಕೆ ಹೋಗು, ನಿಲ್ಲಿಸಬೇಡ. ಆಕ್ಸಿಲರೇಟರ್ ಬಿಡಬೇಡ."

ಅವಳು ಬಿಡಲಿಲ್ಲ. ನೀರು ಬಾಗಿಲಿನವರೆಗೆ ಬಂತು, ಕಾರು ಒಮ್ಮೆ ಕೆಮ್ಮಿತು, ಆಚೆ ದಡ ಹತ್ತಿತು. ಇಬ್ಬರೂ ಉಸಿರು ಬಿಟ್ಟರು.

ಗುಡ್ಡದ ನೆತ್ತಿಗೆ ಬಂದಾಗ ಲಯನೆಲ್ ಕಿಟಕಿಯ ಗಾಜಿಳಿಸಿದ. ಕೆಳಗಿನ ಕಣಿವೆಯಿಂದ ಗಂಟೆಯ ಸದ್ದು ಬರುತ್ತಿತ್ತು. ಒಂದೇ ಗಂಟೆ. ಒಂದು ಹೊಡೆತ, ಬಹಳ ಹೊತ್ತು ಮೌನ, ಮತ್ತೊಂದು ಹೊಡೆತ. ಊರಲ್ಲಿ ಯಾರಾದರೂ ಸತ್ತಾಗ ಹಾಗೆ ಬಾರಿಸುತ್ತಾರೆ. ಲಯನೆಲ್ ಮೆಲ್ಲನೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮ್ಯೂರಿಯಲ್," ಎಂದ. "ತಡವಾಯ್ತು ಕಣೇ."

ಅವಳ ಕಣ್ಣು ಮಂಜಾಯಿತು. ನಾನು ಕೊಂದೆ ಎಂದುಕೊಂಡಳು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅಷ್ಟರಲ್ಲಿ ಅವಳ ಬಲಗಾಲು ತಾನಾಗಿ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿತು.

"ಇಲ್ಲ," ಎಂದಳು. "ಬೀಗದ ಕೈ ಎಲ್ಲಿದೆ ಲಯನೆಲ್?"

"ನಿನ್ನ ಚೀಲದಲ್ಲಿ."

"ಇನ್ನೊಂದು ಇದೆಯಾ?"

"ಇಲ್ಲ. ಇನ್ನೂ ಸಮಿತಿ..." ಅವನು ಅರ್ಧಕ್ಕೇ ನಿಲ್ಲಿಸಿ ಟೋಪಿಯನ್ನು ತಲೆಗೆ ಹಾಕಿಕೊಂಡ. "ಹಾಗಾದ್ರೆ ಹೊರಗಿನಿಂದ ಯಾರೂ ಒಳಗೆ ಹೋಗಿರೋಕೆ ಸಾಧ್ಯ ಇಲ್ಲ. ಒಳಗಿರೋರೇ ಬಾರಿಸ್ತಿದಾರೆ!"

"ಬದುಕಿದಾರೆ," ಎಂದಳು ಮ್ಯೂರಿಯಲ್. "ಎಣಿಸು. ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಹೊತ್ತು, ಎಣಿಸು."

ವೇಳಾಪಟ್ಟಿಯವನು ಗಡಿಯಾರ ನೋಡುತ್ತ ಎಣಿಸಿದ. ಇಪ್ಪತ್ತು ಸೆಕೆಂಡು. ಇಪ್ಪತ್ತಾರು. ನಲವತ್ತು. ಇಳಿಜಾರಿನ ಕೊನೆಯ ತಿರುವಿನಲ್ಲಿ ಒಂದು ಸದ್ದು ಬಂತು, ತೀರ ಮೆತ್ತಗೆ. ಆಮೇಲೆ ಅವನು ಎಣಿಸುತ್ತಲೇ ಹೋದ. ಎಪ್ಪತ್ತು. ಎಂಬತ್ತು. ನೂರು ಎಂದಾಗ ಅವನ ದನಿ ಒಡೆಯಿತು. ಗಂಟೆ ಮತ್ತೆ ಬಾರಿಸಲಿಲ್ಲ.

ನೆದರ್ ಫೋಲ್ಡನ್ ಬೆಳಿಗ್ಗೆಯಂತೆಯೇ ಪ್ರಶಾಂತವಾಗಿತ್ತು. ಅರ್ಧಕ್ಕರ್ಧ ಮನೆಗಳು ಲಂಡನ್ನಿನವರವು, ಅವರು ಬರುವುದು ಶುಕ್ರವಾರ ಸಂಜೆ. ಕೊಳದ ದಂಡೆಯ ಬೆಂಚಿನಲ್ಲಿ ಪ್ರವಾಸಿ ದಂಪತಿ ಚರ್ಚಿನ ಗೋಪುರದತ್ತ ಫೋನು ಹಿಡಿದು ಕೂತಿದ್ದರು.

"ನಿಂತೇ ಹೋಯ್ತು," ಎಂದ ಆ ಗಂಡಸು ಬೇಸರದಿಂದ. "ಅರ್ಧ ಗಂಟೆಯಿಂದ ಬಾರಿಸ್ತಿದ್ರು, ಎಷ್ಟು ಚೆನ್ನಾಗಿತ್ತು. ಪೂರ್ತಿ ರೆಕಾರ್ಡ್ ಮಾಡ್ಕೊಂಡಿದೀವಿ."

ಮ್ಯೂರಿಯಲ್ ಓಡಿದಳು. ಬಾಗಿಲ ಹೊರಗಿನ ಮಂಟಪದ ಗೂಟಕ್ಕೆ ಹಸಿರು ಕೋಟೊಂದು ನೇತಾಡುತ್ತಿತ್ತು. ಅದರ ಜೇಬಿನಿಂದ ಗ್ಲೂಕೋಸ್ ಮಾತ್ರೆಯ ಕೊಳವೆ ಇಣುಕುತ್ತಿತ್ತು. ಬಾಗಿಲಿಂದ ಮೂರಡಿ ದೂರ. ಅವಳು ಬೀಗದ ಕೈ ತೂರಿಸಿ ತಿರುಗಿಸಿದಳು. ಅಲ್ಲಾಡಲಿಲ್ಲ. ಎರಡೂ ಕೈಯಿಂದ ತಿರುಗಿಸಿದಳು. ಬೆವರಿಗೆ ಕೈ ಜಾರಿತು.

"ಎತ್ತಬೇಕು," ಎಂದು ಏದುಸಿರು ಬಿಡುತ್ತ ಬಂದ ಲಯನೆಲ್ ಬಾಗಿಲಿನ ಪಟ್ಟಿಗೆ ಭುಜ ಕೊಟ್ಟು ಮೇಲಕ್ಕೆ ಎತ್ತಿದ. "ಎಡಕ್ಕೆ! ಬಲವಂತ ಮಾಡಬೇಡ, ಮೆತ್ತಗೆ."

ಬೀಗ ತೆರೆಯಿತು.

ಗೋಪುರದ ಕೆಳಗೆ, ಗಂಟೆಯ ಹಗ್ಗದ ಬುಡದಲ್ಲಿ, ಬಿಳಿ ಕೂದಲಿನ ಪುಟ್ಟ ಮುದುಕಿಯೊಬ್ಬಳು ಪಕ್ಕಕ್ಕೆ ವಾಲಿ ಬಿದ್ದಿದ್ದಳು. ಹಗ್ಗದ ತುದಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು, ಕೈ ಸೋತರೂ ಮೈ ಭಾರಕ್ಕೆ ಎಳೆಯಲಿ ಎಂದು. ಮುಖ ಬೆವರಿ ಮೇಣದ ಬಣ್ಣಕ್ಕೆ ತಿರುಗಿತ್ತು. ತುಟಿ ಅಲ್ಲಾಡುತ್ತಿತ್ತು.

ಮ್ಯೂರಿಯಲ್ ನೆಲಕ್ಕೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಚೀಲ ಸುರಿದಳು. ಸಕ್ಕರೆ ಪೊಟ್ಟಣಗಳು ಕಲ್ಲಿನ ಮೇಲೆ ಚೆಲ್ಲಿದವು. ಒಂದನ್ನು ಹಲ್ಲಿನಿಂದ ಹರಿದು ಬೆರಳಿಗೆ ಅದ್ದಿ ಮುದುಕಿಯ ಕೆನ್ನೆಯ ಒಳಗೆ ತೀಡಿದಳು. ಅಮ್ಮನಿಗೆ ತೀಡಿದ್ದ ಹಾಗೆಯೇ. ಬೆರಳು ಆ ಕೆಲಸವನ್ನು ಮರೆತಿರಲಿಲ್ಲ.

"ಇನ್ನೊಂದು ಕೊಡು ಲಯನೆಲ್. ಇನ್ನೊಂದು. ಆ ಪರದೆ ಹಿಂದೆ ನೀರಿದೆ, ಲೋಟದಲ್ಲಿ ತಾ."

ಲಯನೆಲ್ ಮಂಡಿಯೂರಿ ಪೊಟ್ಟಣ ಹರಿದು ಕೊಡುತ್ತಿದ್ದ. "ಇಷ್ಟೇನಾ? ಇನ್ನೂ ಇದೆಯಾ? ಇನ್ನಷ್ಟು ತರಬೇಕಾಗಿತ್ತು ಕಣೇ," ಎಂದ. ಬೆಳಿಗ್ಗೆ ಮಾನ ಹೋಯಿತು ಎಂದವನು ಅವನೇ. ಆಮೇಲೆ ಬಾಗಿಲಿಗೆ ಓಡಿ ಹೋಗಿ, ಸಿಗ್ನಲ್ ಸಿಗುವಂತೆ ಗುಡ್ಡ ಹತ್ತಿ ಆಂಬುಲೆನ್ಸಿಗೆ ಫೋನ್ ಮಾಡಿ ಎಂದು ಕೊಳದ ದಂಡೆಯವರಿಗೆ ಕೂಗಿದ.

ಆರನೇ ಪೊಟ್ಟಣಕ್ಕೆ ಮುದುಕಿ ನುಂಗಿದಳು. ಸಕ್ಕರೆ ನೀರು ಅರ್ಧ ಲೋಟ ಒಳಗೆ ಹೋದ ಮೇಲೆ ಕಣ್ಣು ತೆರೆದು, ತನ್ನ ತಲೆ ಯಾರ ತೊಡೆಯ ಮೇಲಿದೆ ಎಂದು ನೋಡಿದಳು.

"ಅಯ್ಯೋ," ಎಂದಳು. "ನಿಮಗೆ ತೊಂದರೆ ಕೊಟ್ಟೆ. ಕ್ಷಮಿಸಿಯಮ್ಮ."

ಮ್ಯೂರಿಯಲ್‌ಳ ಬಾಯಿಗೆ ಅಭ್ಯಾಸದ ಮಾತೇ ಬಂದಿತ್ತು, ಪರವಾಗಿಲ್ಲ ಎಂಬ ಮಾತು. ಅದನ್ನು ನುಂಗಿದಳು.

"ಇಲ್ಲ. ನಿಮ್ಮನ್ನ ಕೂಡಿಹಾಕಿದ್ದು ನಾನು. ನಿಮ್ಮ ಊರುಗೋಲು ನೋಡಿದೆ, ಚೀಲ ನೋಡಿದೆ. ಯಾರೋ ಇದಾರೆ ಅಂತ ಅನ್ನಿಸಿತು. ಆದರೂ ಕೇಳದೆ ಬೀಗ ಹಾಕ್ಕೊಂಡು ಹೋದೆ."

ಮುದುಕಿ ಇನ್ನೊಂದು ಗುಟುಕು ಸಕ್ಕರೆ ನೀರು ಕುಡಿದಳು. ಅವಳ ಹೆಸರು ಡಾರ್ಕಸ್ ವೀಲ್, ಐವತ್ತು ವರ್ಷದಿಂದ ಶುಕ್ರವಾರದ ಹೂವು ಅವಳದು.

"ನಾನೂ ನಿಮ್ಮನ್ನ ನೋಡಿದೆ," ಎಂದಳು ಮೆಲ್ಲಗೆ. "ಪರದೆ ಸಂದಿಯಿಂದ. ಪುಸ್ತಕದಲ್ಲಿ ಬರೀತಾ ಇದ್ರಿ. ಬೀಗ ತಿರುಗಿದ್ದೂ ಕೇಳಿಸ್ತು. ಕೂಗಬೇಕು ಅಂದ್ಕೊಂಡೆ, ಆಗ ಹೊರಗೆ ಹಾರ್ನ್ ಹೊಡೀತಿದ್ರು. ಪಾಪ, ಯಾರೋ ಅವಸರದಲ್ಲಿದಾರೆ, ತಡ ಮಾಡಿಸೋದು ಬೇಡ ಅಂತ ಸುಮ್ಮನಾದೆ. ಟುಲಿ ಹೇಗೂ ಬರ್ತಾನೆ ಅಂದ್ಕೊಂಡೆ. ಅವನು ಕಣ್ಣಿಗೆ ಹೋಗಿದಾನೆ ಅಂತ ಆಮೇಲೆ ನೆನಪಾಯ್ತು." ಉಸಿರೆಳೆದುಕೊಂಡಳು. "ಪ್ರಸಾದದ ವೈನ್ ಸಿಹಿ ಇರುತ್ತೆ, ಒಂದು ಗುಟುಕು ಕುಡಿಯೋಣ ಅಂದ್ರೆ ಕಪಾಟಿನ ಕೀ ಪಾದ್ರಿ ಹತ್ರ. ಗಂಟೆ ಹೊಡೀಲಾ ಬೇಡ್ವಾ ಅಂತಲೇ ಎರಡು ಗಂಟೆ ಮಾಡಿದೆ. ಸುಮ್ಮಸುಮ್ಮನೆ ಊರನ್ನೆಲ್ಲ ಎಬ್ಬಿಸೋದು ಚೆನ್ನಾಗಿರಲ್ಲ ನೋಡಿ."

ಲಯನೆಲ್ ಕಂಬಕ್ಕೆ ಕೈಯಾನಿಸಿ ನಿಂತಿದ್ದ. ಹಾರ್ನು ಎಂಬ ಮಾತು ಬಂದಾಗ ಅವನ ತಲೆ ತಗ್ಗಿತು. ಮತ್ತೆ ಎತ್ತಲಿಲ್ಲ.

ಆಂಬುಲೆನ್ಸು ಮೂರೂಕಾಲಿಗೆ ಬಂತು. ಗ್ವೆಂಡಾ ಫೋನಿನಲ್ಲಿ ಎಷ್ಟು ಜೋರಾಗಿ ಹೇಳಿದ್ದಳೋ, ಅದು ಆಗಲೇ ಅರ್ಧ ದಾರಿಯಲ್ಲಿತ್ತಂತೆ. ಡಾರ್ಕಸ್ ಸ್ಟ್ರೆಚರಿನ ಮೇಲಿಂದಲೇ, ಡೇಲಿಯಾಗೆ ನೀರು ಬದಲಿಸಿ ಎಂದು ಹೇಳಿ ಹೋದಳು. ಅದರ ಹಿಂದೆಯೇ ಪೊಲೀಸ್ ಕಾರು ಬಂತು. ತರುಣ ಪೊಲೀಸನೊಬ್ಬ ಇಳಿದು ತನ್ನ ಕಾಗದ ನೋಡಿಕೊಂಡ.

"ಮೊದಲು ಫೋನ್ ಮಾಡಿದ್ದು ನೀವೇನಾ ಮೇಡಂ? ಬಹುಶಃ ಯಾರೂ ಇರಲಿಕ್ಕಿಲ್ಲ, ಅವಸರ ಇಲ್ಲ ಅಂದಿದ್ರಂತೆ?"

"ಹೌದು," ಎಂದಳು ಮ್ಯೂರಿಯಲ್. "ನಾನೇ. ಹಾಗೇ ಅಂದಿದ್ದೆ. ಬರ್ಕೊಳ್ಳಿ."

ಎಲ್ಲರೂ ಹೋದ ಮೇಲೆ ಅವಳು ಡೇಲಿಯಾಗಳ ನೀರು ಬದಲಿಸಿದಳು. ಊರುಗೋಲನ್ನೂ ನೀಲಿ ಚೀಲವನ್ನೂ ಪೊಲೀಸನೊಂದಿಗೆ ಆಸ್ಪತ್ರೆಗೆ ಕಳಿಸಿಯಾಗಿತ್ತು. ಖಾಲಿ ಪೊಟ್ಟಣಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡಳು. ಬಾಗಿಲ ಬಳಿ ಸಂದರ್ಶಕರ ಪುಸ್ತಕ ತೆರೆದೇ ಇತ್ತು. ಅತಿ ಪ್ರಶಾಂತ ಸ್ಥಳ, ಒಂದು ನರಪಿಳ್ಳೆಯೂ ಕಾಣಲಿಲ್ಲ. ಮುತ್ತಿನಂಥ ಅಕ್ಷರ. ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಕಾಗದ ಹರಿಯುವಷ್ಟು ಗಟ್ಟಿಯಾಗಿ ಗೆರೆ ಎಳೆದಳು. ಕೆಳಗೆ ಡಾರ್ಕಸ್ ವೀಲ್ ಇದ್ದರು ಎಂದು ಬರೆದಳು. ಇದನ್ನು ಯಾರೂ ಹೇಳಿ ಬರೆಸಿರಲಿಲ್ಲ.

ಹೊರಗೆ ಲಯನೆಲ್ ಕಾರಿನ ಎಡಗಡೆಯ ಸೀಟಿನಲ್ಲಿ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾಲ್ಕು ಗಂಟೆ ದಾಟಿತ್ತು. ಪಟ್ಟಿಯಲ್ಲಿ ಇನ್ನೂ ಎರಡು ಚರ್ಚು, ಆ ಜಮೀನ್ದಾರರ ಮನೆ ಉಳಿದಿದ್ದವು. ಹಾರ್ನು ಸುಮ್ಮನಿತ್ತು.

ಮ್ಯೂರಿಯಲ್ ಬಾಗಿಲೆಳೆಯಲು ಹೋದವಳು ತಡೆದು ನಿಂತಳು. ಒಳಗೆ ಯಾರೂ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕತ್ತು ಒಳಗೆ ಹಾಕಿ, ಎದೆ ತುಂಬ ಉಸಿರೆಳೆದುಕೊಂಡು, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಕೂಗಿದಳು. ದನಿ ಕಲ್ಲಿನ ಗೋಡೆಗಳಿಗೆ ಬಡಿದು ತಿರುಗಿ ಬಂತು. ಕೊಳದ ದಂಡೆಯ ದಂಪತಿ ಬೆಚ್ಚಿ ತಿರುಗಿ ನೋಡಿದರು. ನೋಡಲಿ ಎಂದುಕೊಂಡು ಇನ್ನೊಮ್ಮೆ ಕೂಗಿದಳು, ಮೊದಲಿನದಕ್ಕಿಂತ ಜೋರಾಗಿ. ಉತ್ತರಕ್ಕೆ ಕಾದಳು. ಆಮೇಲೆ ಬೀಗ ಹಾಕಿದಳು.